ಇಲ್ಲ ಎನ್ನಲಾಗದ ಊರು

ಜನವರಿ ೧೪, ಸೋಮವಾರ

ಇವತ್ತೂ ಧೂಳುಗಾಳಿ. ಬೈಕಿನ ಸೀಟು ಒರೆಸಿ ಹತ್ತುವಷ್ಟರಲ್ಲಿ ಮತ್ತೆ ಕೆಂಪು. ಜೊತೆ ಕೆಲಸದ ದೆಂಬಾ ನನ್ನನ್ನು ಸಂತಂಗ್‌ಬಾದ ಬೂರುಗದ ಮರದ ಕೆಳಗೆ ಇಳಿಸಿ ತನ್ನ ಪಾಲಿನ ಊರುಗಳಿಗೆ ಹೋದ. ಇಲ್ಲಿ ನನಗೆ ಮೊದಲ ದಿನ.

ದಾರಿಯುದ್ದಕ್ಕೂ ಒಪ್ಪಿಗೆ ಕೇಳುವ ಮಾತಿನ ಬಾಯಿಪಾಠ. ಸಂಶೋಧನಾ ಕೇಂದ್ರ ಕೊಟ್ಟದ್ದು ಇಂಗ್ಲಿಷಿನಲ್ಲಿ, ಒಣಮೀನಿನ ಹಾಗೆ ಬರೀ ಮುಳ್ಳು. ನಮ್ಮ ಮಂಡಿಂಕಾ ಭಾಷೆಯಲ್ಲಿ ನಾನೇ ಹೀಗೆ ಕಟ್ಟಿಕೊಂಡೆ:

"ಗರ್ಭಿಣಿಯರಿಗೆ ಒಂದು ಹೊಸ ಸೂಜಿಮದ್ದು ಬಂದಿದೆ. ಹುಟ್ಟಿದ ವಾರದೊಳಗೇ ಕೂಸುಗಳನ್ನ ಒಯ್ಯೋ ಜ್ವರ ಇದೆಯಲ್ಲ, ಅದನ್ನ ತಡೆಯುತ್ತಾ ಅಂತ ನೋಡಬೇಕು. ತಡೆಯುತ್ತೆ ಅಂತ ನಾನು ಹೇಳ್ತಿಲ್ಲ. ಗೊತ್ತಿದ್ದಿದ್ರೆ ನಿಮ್ಮನ್ನ ಕೇಳೋಕೇ ಬರ್ತಿರಲಿಲ್ಲ. ಅರ್ಧ ಜನಕ್ಕೆ ಹೊಸದು, ಅರ್ಧ ಜನಕ್ಕೆ ಈಗ ಆಸ್ಪತ್ರೇಲಿ ಕೊಡೋದೇ. ಯಾರಿಗೆ ಯಾವುದು ಅಂತ ನನಗೂ ಗೊತ್ತಾಗಲ್ಲ. ತೋಳು ನೋಯಬಹುದು, ಮೈ ಬಿಸಿಯಾಗಬಹುದು, ಬೇರೇನಾದ್ರೂ ಆಗುತ್ತಾ ಅಂತಲೂ ನೋಡ್ತೀವಿ. ಬರೋದು ಬಿಡೋದು ನಿಮ್ಮ ಮನಸ್ಸು. ಬೇಡ ಅಂದ್ರೆ ಯಾರೂ ಮುನಿಸಿಕೊಳ್ಳಲ್ಲ. ನಡುವೆ ಬಿಟ್ಟುಹೋದ್ರೂ ಯಾಕೆ ಅಂತ ಕೇಳಲ್ಲ. ಅವಸರ ಇಲ್ಲ, ಯೋಚಿಸಿ."

ಚೆನ್ನಾಗಿದೆ. ಆ ಮುಳ್ಳಿಗಿಂತ ಚೆನ್ನಾಗಿದೆ.

ಊರ ಯಜಮಾನ ಅಲ್ಕಾಲೊ ಫೋಡೆ ಅಜ್ಜ ಯಾರ ಮಗಳು ಎಂದು ಕೇಳಿದರು. ಹುಟ್ಟಿದ್ದು ಬೆಳೆದದ್ದು ಸೆರೆಕುಂಡಾ ಪೇಟೆಯಲ್ಲಿ, ಅಪ್ಪನ ಊರು ನದಿಯಾಚೆಯ ದುತಾಕುಂಡಾ ಎಂದೆ. ಅಷ್ಟೇ! ಕಟ್ಟೆಯಲ್ಲಿದ್ದವರೆಲ್ಲ ತೊಡೆ ತಟ್ಟಿಕೊಂಡು ನಕ್ಕರು.

"ದುತಾಕುಂಡಾದ ಹೊಟ್ಟೆಬಾಕಿ ಬಂದ್ಲು! ಅನ್ನದ ಗಡಿಗೆ ಬಚ್ಚಿಡ್ರೇ!"

"ನಮ್ಮ ಆಳು ಕಣೇ ನೀನು. ಕೂತ್ಕೋ. ಕೂತ್ಕೋ ಅಂದ್ಮೇಲೆ ಕೂತ್ಕೋಬೇಕು."

ಎರಡೂ ಊರುಗಳ ನಡುವೆ ಹೀಗೆ ಬೈದಾಡುವ ನಂಟಿದೆ ಎಂದು ಅಪ್ಪ ಹೇಳಿದ್ದ. ಇಷ್ಟು ಸಿಹಿಯಾಗಿರುತ್ತದೆ ಎಂದು ಹೇಳಿರಲಿಲ್ಲ. ಪರಕೀಯಳಾಗಿ ಬಂದೆ, ಐದು ನಿಮಿಷದಲ್ಲಿ ಮನೆಮಗಳಾದೆ.

ಜನವರಿ ೧೭, ಗುರುವಾರ

ಎಲ್ಲರೂ ಒಪ್ಪಿದರು! ಕೇಳಿದ ಒಬ್ಬೊಬ್ಬ ಗರ್ಭಿಣಿಯೂ. ದೆಂಬಾನ ಊರುಗಳಲ್ಲಿ ಬಾಗಿಲು ಮುಚ್ಚುತ್ತಾರಂತೆ, ಗಂಡನನ್ನು ಕೇಳಬೇಕು ಎನ್ನುತ್ತಾರಂತೆ, ಹಿತ್ತಲಿಂದ ಓಡುತ್ತಾರಂತೆ. ಪಾಪ.

ನನ್ನ ತಗಡಿನ ಪೆಟ್ಟಿಗೆಯ ಕರಪತ್ರಗಳನ್ನು ಅವನು ಗೇಲಿ ಮಾಡುತ್ತಿದ್ದ. ಹೆಣ್ಣುಮಕ್ಕಳ ಹಕ್ಕು, ಕೂಲಿಕಾರರ ಹಕ್ಕು, ರೋಗಿಯ ಹಕ್ಕು... ಬಸ್ ನಿಲ್ದಾಣದಲ್ಲಿ ಹಂಚಿದ್ದು, ಮಸೀದಿಯ ಎದುರು ಬಿದ್ದದ್ದು, ಎಲ್ಲವೂ ಇವೆ. "ಇದನ್ನೆಲ್ಲ ಓದಿ ಏನು ಕಡಿದೆ?" ಎಂದಿದ್ದ. ಇದೋ ನೋಡು ದೆಂಬಾ! ಜನರಿಗೆ ನಿಜ ಹೇಳಿದರೆ, ಗೌರವ ಕೊಟ್ಟು ಕೇಳಿದರೆ, ಜನ ಬರುತ್ತಾರೆ. 'ಬೇಡ ಎನ್ನಬಲ್ಲವರ ಹೂಂ ಮಾತ್ರ ಹೂಂ' — ಒಂದು ಕರಪತ್ರದ ಹಿಂಬದಿಯಲ್ಲಿದೆ. ಗೋಡೆಗೆ ಅಂಟಿಸಿದ್ದೇನೆ.

ಜನವರಿ ೨೩, ಬುಧವಾರ

ಮಾಬಿಂತಾ. ಈ ಹೆಸರು ಬರೆದಿಡಬೇಕು.

ತಲೆಯ ಮೇಲೆ ಗಂಡಸರ ಹರಕು ಟೋಪಿ, ಕೊರಳಲ್ಲಿ ಖಾಲಿ ಮೀನಿನ ಡಬ್ಬಿಗಳ ಸರ, ಮೈಗೆ ಈರುಳ್ಳಿ ಚೀಲ. ಹೊಟ್ಟೆ ಆರು ತಿಂಗಳದ್ದು. ಎದುರಿಗೆ ಬಂದವಳೇ ಪೊಲೀಸಿನವನ ಹಾಗೆ ಸಲಾಮು ಹೊಡೆದಳು.

"ಬಂದೆಯಾ ಆಳೇ? ಸೂಜಿ ಎಲ್ಲಿ? ಈ ಹೊಟ್ಟೆಯೊಳಗಿರೋದು ಮಗು ಅಲ್ಲ ಕಣೇ, ಹಲಸಂದೆ ತಿಂದ ಗಾಳಿ. ಅದಕ್ಕೂ ಚುಚ್ತೀರಾ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ. ಆಮೇಲೆ ಅವಳ ಅತ್ತೆ ಬೀಸಣಿಗೆಯ ಮರೆಯಲ್ಲಿ ಹೇಳಿದಳು: ಎರಡು ಹೆತ್ತಳು, ಎರಡೂ ವಾರ ತುಂಬಲಿಲ್ಲ. ಅದಕ್ಕೇ ಕನ್ಯಲೆಂಗ್ ಕೂಟಕ್ಕೆ ಸೇರಿದ್ದಾಳೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಕೂಟ. ಕೋಡಂಗಿ ವೇಷ ಹಾಕಬೇಕು, ನಗಿಸಬೇಕು, ಪೋಲಿ ಹಾಡು ಹಾಡಬೇಕು. ಸಾವು ಅದನ್ನು ನೋಡಿ ಇವಳ ಹತ್ತಿರ ಬೆಲೆಬಾಳುವುದೇನೂ ಇಲ್ಲ ಎಂದುಕೊಂಡು ಮುಂದೆ ಹೋಗಲಿ ಎಂದು.

ಮಾತೆಲ್ಲ ಹೇಳಿದೆ. ಮಾಬಿಂತಾ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೇಳಿದಳು. 'ಹುಟ್ಟಿದ ವಾರದೊಳಗೇ' ಎಂದಾಗ ಡಬ್ಬಿಗಳ ಸದ್ದು ನಿಂತಿತು. ಮುಗಿದ ಮೇಲೆ "ಹೂಂ" ಎಂದಳು. ಹೆಬ್ಬೆಟ್ಟು ಒತ್ತಿದಳು. ಮತ್ತೆ ಟೋಪಿ.

ಈ ಸ್ಟಡಿ ಅವಳಿಗಾಗಿಯೇ ಬಂದಿದೆ ಅನ್ನಿಸಿತು. ಇವಳ ಮೂರನೆಯದು ಬದುಕಬೇಕು. ಬದುಕಲೇಬೇಕು.

ಜನವರಿ ೨೯, ಮಂಗಳವಾರ

ಯಾಸಿನ್ ಮೇಡಂ ರಾಜಧಾನಿ ಬಾಂಜುಲ್‌ನಿಂದ ಬಂದಿದ್ದರು. ನಮ್ಮ ಸೂಪರ್‌ವೈಸರ್. "ತೆನೆಂಗ್, ಒಂದೇ ಒಂದು 'ಇಲ್ಲ'ವೂ ಇಲ್ಲವಾ? ಏನು ಮಾಯ ಮಾಡಿದೆ?" ಎಂದು ಕೇಳಿದರು. ಎಲ್ಲರೆದುರು. ಸೂಜಿ ಹಾಕುವುದು ಫೆಬ್ರವರಿ ಕೊನೆಗೆ ಶುರು.

ಮಾಬಿಂತಾಳ ಮನೆಯಲ್ಲಿ ಊಟ. ಶೇಂಗಾ ಸಾರು, ಅನ್ನ. ಕೂಟದ ಹಿರಿಯಳೊಬ್ಬಳು ಬಂದಿದ್ದಳು. ಕೂಸು ಹುಟ್ಟಿದ ಮೇಲೆ ಹೆಸರಿಡುವ ದಿನ ತಿಪ್ಪೆಯ ಮೇಲೆ ಮಲಗಿಸಿ ಬರಬೇಕಂತೆ. ದಾರಿಹೋಕರು ಯಾರಾದರೂ ಎತ್ತಿಕೊಂಡು, ಕೆಟ್ಟದೊಂದು ಹೆಸರಿಟ್ಟು, 'ಇದು ನನ್ನದು, ನೀನು ಸಾಕಿಕೊಡು' ಎಂದು ತಾಯಿಗೇ ಒಪ್ಪಿಸಬೇಕಂತೆ.

ತಡೆಯಲಾಗಲಿಲ್ಲ. "ಸಾವಿಗೆ ಕಣ್ಕಟ್ಟು ಮಾಡೋಕಾಗುತ್ತೇನಮ್ಮ? ತಿಪ್ಪೇಲಿ ಇರೋದೇ ರೋಗ!" ಎಂದೆ. ಮಾಬಿಂತಾ ನನ್ನ ಬಾಯಿಗೆ ಒಂದು ತುತ್ತು ತುರುಕಿದಳು. "ನುಂಗು, ಕರಪತ್ರ."

ಆಗಿನಿಂದ ನನಗೆ ಅದೇ ಹೆಸರು. ಕರಪತ್ರ.

ಫೆಬ್ರವರಿ ೪, ಸೋಮವಾರ

ಕೋಳಿಯ ವಿಷಯ.

ಅಂಗಳದಲ್ಲಿ ಮಾಬಿಂತಾಳ ಅತ್ತೆಯ ಚುಕ್ಕಿ ಕೋಳಿ ಅಡ್ಡ ಬಂತು. ಮೊಟ್ಟೆಯಿಡುವುದು ಅದೊಂದೇ. ತಮಾಷೆಗೆ, "ಅತ್ತೇ, ಈ ಕೋಳಿ ನನ್ನ ಗಡಿಗೇಲಿದ್ರೆ ಚೆಂದ ಅಲ್ವಾ?" ಎಂದೆ. ಅಷ್ಟೇ ಅಂದದ್ದು.

ಸಂಜೆ ನೋಡಿದರೆ ಕಾಲು ಕಟ್ಟಿದ ಕೋಳಿ ಬೈಕಿನ ಹಿಂದೆ ತಲೆಕೆಳಗಾಗಿ ನೇತಾಡುತ್ತಿದೆ. ಬೇಡ ಬೇಡ ಎಂದೆ. ಅತ್ತೆ ಹೌಹಾರಿದಳು.

"ಬಾಯ್ಬಿಟ್ಟು ಕೇಳಿದ್ಯಲ್ಲೇ!"

"ತಮಾಷೆಗೆ ಅತ್ತೆ..."

"ತಮಾಷೆಗೋ ನಿಜಕ್ಕೋ. ದುತಾಕುಂಡಾದೋರು ಕೇಳಿದ್ದಕ್ಕೆ ಇಲ್ಲ ಅನ್ನೋ ಬಾಯಿ ನಮಗೆ ದೇವರು ಕೊಟ್ಟಿಲ್ಲ."

ಕೋಳಿ ಈಗ ನನ್ನ ಬಾಡಿಗೆ ಕೋಣೆಯ ಮೂಲೆಯಲ್ಲಿದೆ. ನನ್ನನ್ನೇ ನೋಡುತ್ತಿದೆ.

ಕೇಳಿದ್ದಕ್ಕೆ ಇಲ್ಲ ಅನ್ನೋ ಬಾಯಿ...

ಫೆಬ್ರವರಿ ೫, ಮಂಗಳವಾರ

ಬೆಳಿಗ್ಗೆ ನೆಟ್ಟಗೆ ಅಲ್ಕಾಲೊ ಅಜ್ಜನ ಹತ್ತಿರ ಹೋದೆ. ಚಹಾ ಕಾಯಿಸುತ್ತಿದ್ದರು. ಕಷಾಯದಂಥ ಮೊದಲ ಲೋಟ ಕೈಗಿಟ್ಟು, ಎಳೆ ಮಗುವಿಗೆ ಹೇಳುವ ಹಾಗೆ ಹೇಳಿದರು.

"ನಿನ್ನ ಮುತ್ತಜ್ಜನ ಮುತ್ತಜ್ಜ ನದೀಲಿ ಮುಳುಗ್ತಿದ್ದ. ನಮ್ಮೋನು ದಡದಲ್ಲಿದ್ದ. ಅವನು ಕೈ ಚಾಚಿದ, ಇವನು ಹಿಡ್ದ. ಇನ್ನೊಂದು ಮಳೆಗಾಲಕ್ಕೆ ಇವನು ಮುಳುಗಿದ, ಅವನು ಹಿಡ್ದ. ಇಬ್ಬರೂ ಆಣೆ ಮಾಡಿಕೊಂಡ್ರು. ನಿಮ್ಮೂರಿನ ಕೈ ಚಾಚಿದ್ರೆ ನಮ್ಮೂರು ಬರಿಗೈಲಿ ಕಳಿಸಬಾರದು, ನಮ್ಮದು ಚಾಚಿದ್ರೆ ನಿಮ್ಮೂರು. ತಪ್ಪಿದ್ರೆ ಕೆಡುಕು. ನಿಮ್ಮಪ್ಪ ಬೈಗುಳ ಮಾತ್ರ ಕಲಿಸಿ ಬಿಟ್ನಾ? ಪೇಟೆ ಸೇರಿದೋರ ಹಣೆಬರಹವೇ ಇಷ್ಟು."

"ಹಾಗಾದ್ರೆ ಅಜ್ಜ, ಆ ಹೆಂಗಸರು ಹೂಂ ಅಂದಿದ್ದು..."

"ನೀನು ಕೇಳ್ದೆ, ಅವರು ಕೊಟ್ರು. ಒಳ್ಳೇ ಹುಡುಗಿ. ಕೋಳಿ ಹೇಗಿತ್ತು?"

ಲೋಟ ಕೆಳಗಿಟ್ಟು ಎದ್ದೆ.

ನನ್ನ ಮಾತಲ್ಲ. ನನ್ನ ಗೌರವವಲ್ಲ. ಕರಪತ್ರಗಳೂ ಅಲ್ಲ. ಅಪ್ಪನ ಊರಿನ ಹೆಸರು. ಅದನ್ನು ನಾನೇ ಮೊದಲ ದಿನ ಮೆರೆದುಕೊಂಡು ಹೇಳಿದೆ. ಬೇಡ ಅಂದ್ರೆ ಯಾರೂ ಮುನಿಸಿಕೊಳ್ಳಲ್ಲ ಎಂದು ಎಷ್ಟು ಚೆಂದವಾಗಿ ಹೇಳುತ್ತಿದ್ದೆ! ಬಾಯಿ ಕಟ್ಟಿ, ಹಾಡು ಎಂದ ಹಾಗೆ.

ಗೋಡೆಯ ಕಾಗದ ನೋಡಲಾಗುತ್ತಿಲ್ಲ. ಕಿತ್ತಿಲ್ಲ. ಕೀಳುವುದಿಲ್ಲ. ಇರಲಿ.

ಫೆಬ್ರವರಿ ೧೧, ಸೋಮವಾರ

ಯಾಸಿನ್ ಮೇಡಂಗೆ ಹೇಳಿದೆ. ಬೈಯುತ್ತಾರೆ, ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಮೇಡಂ ವೊಲೋಫ್ ಜನಾಂಗದವರು, ಅವರಿಗೂ ಇದು ತಿಳಿದಿರಲಿಲ್ಲ.

"ಸೂಜಿ ಇನ್ನೂ ಯಾರಿಗೂ ಹಾಕಿಲ್ಲ. ಅದು ಪುಣ್ಯ," ಎಂದರು. "ಎಲ್ಲ ಒಪ್ಪಿಗೆ ರದ್ದು. ಮತ್ತೆ ಮೊದಲಿಂದ ಕೇಳಬೇಕು. ಆದ್ರೆ ತೆನೆಂಗ್, ನೀನು ಕೇಳಿದ್ರೆ ಮತ್ತೆ ಅದೇ ಆಗುತ್ತಲ್ಲ?"

"ನಾನೇ ಸರಿಮಾಡ್ತೀನಿ ಮೇಡಂ. ನಿಜವಾಗಿ ಮನಸ್ಸಿಲ್ಲದಿದ್ರೆ ಬೇಡ ಅನ್ನಿ ಅಂತ ನಾನೇ ಬಿಡಿಸಿ ಹೇಳ್ತೀನಿ."

ಹಟ ಮಾಡಿ ಒಪ್ಪಿಸಿದೆ.

ಫೆಬ್ರವರಿ ೧೩, ಬುಧವಾರ

ನಗಬೇಕೋ ಅಳಬೇಕೋ.

ಬೂರುಗದ ಮರದ ಕೆಳಗೆ ಎಲ್ಲರನ್ನೂ ಸೇರಿಸಿದೆ. ಎದ್ದು ನಿಂತು ಹೇಳಿದೆ: "ಅಕ್ಕಂದಿರೇ, ನಾನು ಹಿಂದೆ ಕೇಳಿದ್ದನ್ನ ಮರೆತುಬಿಡಿ. ಹಳೇ ಆಣೆ ಇದಕ್ಕೆ ಲೆಕ್ಕಕ್ಕಿಲ್ಲ. ಕೈಮುಗಿದು ಕೇಳ್ಕೋತೀನಿ, ಮನಸ್ಸಿಲ್ಲದವರು ನನಗೆ ಬೇಡ ಅನ್ನಿ."

ಗುಸುಗುಸು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಸೊಸೆಯ ಪರವಾಗಿ ಎದ್ದಳು.

"ಹಾಗಾದ್ರೆ ಬೇಡ."

"ಬೇಡ," ಎಂದಳು ಪಕ್ಕದವಳು.

"ನಮ್ಮನೇದೂ ಬೇಡ."

ಎಲ್ಲರೂ! ಸಾಲಾಗಿ, ಒಬ್ಬೊಬ್ಬಳೂ. "ಸಮಾಧಾನ ಆಯ್ತಾ ಮಗಳೇ?" ಎಂದು ಒಬ್ಬಳು ಅಕ್ಕರೆಯಿಂದ ಕೇಳಿದಳು. ಬೇಡ ಅನ್ನಿ ಎಂದು ದುತಾಕುಂಡಾ ಬೇಡಿಕೊಂಡಿತು, ಸಂತಂಗ್‌ಬಾ ಕೊಟ್ಟಿತು. ಅಷ್ಟೇ.

ಮಾಬಿಂತಾ ನೆಲದ ಮೇಲೆ ಉರುಳಿ ನಗುತ್ತಿದ್ದಳು. "ಅಯ್ಯೋ ಕರಪತ್ರ! ನಾಳೆ ಬಂದು ಕೋಳಿ ಆಗ್ರೀ ಅನ್ನು, ಊರೆಲ್ಲ ಮೊಟ್ಟೆ ಇಡ್ತೀವಿ!"

ನಗು ನಿಂತ ಮೇಲೆ ಹತ್ತಿರ ಬಂದು, ಟೋಪಿಯನ್ನು ನನ್ನ ತಲೆಗಿಟ್ಟಳು. "ನೀನು ಬಾಯ್ಬಿಟ್ರೆ ನಮ್ಮ ಬಾಯಿ ಮುಚ್ಚುತ್ತೆ ಕಣೇ. ನೀನು ಸುಮ್ಮನಿರು. ಬೇರೆಯೋರು ಕೇಳಲಿ."

ಎಷ್ಟು ಸರಳ. ಮೇಡಂ ಹೇಳಿದ್ದೂ ಅದೇ. ಹಟ ನನ್ನದು.

ಫೆಬ್ರವರಿ ೨೧, ಗುರುವಾರ

ದೆಂಬಾನನ್ನು ಕಳಿಸಿದರು. ಅವನು ಫುಲಾ, ದನ ಕಾಯುವವರ ಜನಾಂಗ, ಯಾವ ಆಣೆಯೂ ಇಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆ, ಅವರವರ ಬಾಗಿಲಲ್ಲಿ ಕೂತು ಕೇಳಿದ. ಮಾತು ನನ್ನದೇ, ಅವನಿಗೆ ಬಾಯಿಪಾಠ ಮಾಡಿಸಿದ್ದೆ. ನಾನು ಊರೊಳಗೆ ಕಾಲಿಡಲಿಲ್ಲ.

ಸಂಜೆ ಬೈಕು ನಿಲ್ಲಿಸುತ್ತಲೇ, "ಜನ್ಮ ಸಾರ್ಥಕ ಆಯ್ತು," ಎಂದ. "'ಹೋಗೋ ದನ ಕಾಯೋನೇ, ನಿನ್ನ ಸೂಜಿ ನಿನ್ನ ಹಸೂಗೆ ಚುಚ್ಚು' ಅಂತ ಇಷ್ಟು ಬಾಯಲ್ಲಿ ಅನ್ನಿಸಿಕೊಂಡಿರಲಿಲ್ಲ."

ಕೆಲವರು ಹೂಂ, ಕೆಲವರು ಬೇಡ. ಬೇಡ ಎಂದವರಲ್ಲಿ ಒಬ್ಬಳು ಚಪ್ಪಲಿ ತೋರಿಸಿದಳಂತೆ. ಕೇಳಿ ಹಿಗ್ಗಿದೆ. ನಿಜವಾದ ಚಪ್ಪಲಿ!

ಆಮೇಲೆ ಕೇಳಿದೆ, "ಮಾಬಿಂತಾ?"

ಹೆಲ್ಮೆಟ್ ಒರೆಸುತ್ತ ನಿಂತ. "ಕೇಳಿದ್ಲು. ಪೂರ್ತಿ. ಪ್ರಶ್ನೆನೂ ಕೇಳಿದ್ಲು, ಒಳ್ಳೇ ಪ್ರಶ್ನೆ. ಆಮೇಲೆ... ಬೇಡ ಅಂದ್ಲು."

ಫೆಬ್ರವರಿ ೨೫, ಸೋಮವಾರ

ನಾಲ್ಕು ದಿನದಿಂದ ಇದೊಂದೇ.

ಅವಳಿಗೆ ಸೂಜಿ ಆಗಬೇಕಾದರೆ ಮಾರ್ಚ್ ಮೊದಲ ವಾರದೊಳಗೆ ಆಗಬೇಕು. ಆಮೇಲೆ ಬಸುರಿನ ತಿಂಗಳು ಮೀರುತ್ತದೆ, ಸ್ಟಡಿಗೆ ಸೇರಿಸುವುದಿಲ್ಲ. ನಾನೊಂದು ಮಾತು ಆಡಿದರೆ ಸಾಕು. 'ಅಕ್ಕ, ನನಗೋಸ್ಕರ ಸೇರು.' ಅವಳು ಇಲ್ಲ ಎನ್ನಲಾರಳು. ಈಗ ನನಗೆ ಗೊತ್ತಿದೆ. ಗೊತ್ತಿಲ್ಲದೆ ಮಾಡಿದ್ದು ತಪ್ಪಾಯಿತು; ಗೊತ್ತಿದ್ದು ಮಾಡಿದರೆ ಒಂದು ಕೂಸು ಉಳಿಯುವುದಾದರೆ?

ಉಳಿಯುತ್ತದೆ ಎಂದು ಯಾರು ಹೇಳಿದರು? ನಾನೇ ಊರೆಲ್ಲ ಸಾರಿದ್ದೇನೆ: ತಡೆಯುತ್ತೆ ಅಂತ ನಾನು ಹೇಳ್ತಿಲ್ಲ. ಅವಳಿಗೆ ಹೊಸ ಮದ್ದೇ ಬರುತ್ತದೆ ಎಂದೂ ಇಲ್ಲ.

ಆದರೂ. ಆದರೂ!

ಫೆಬ್ರವರಿ ೨೬, ಮಂಗಳವಾರ

ಹೋದೆ. ಕೆಲಸಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡು.

ಮಾಬಿಂತಾ ತೋಟದಲ್ಲಿದ್ದಳು. ಈರುಳ್ಳಿ ಮಡಿಗೆ ನೀರು. ಒಬ್ಬಳೇ ಇದ್ದುದರಿಂದ ಟೋಪಿ ಇಲ್ಲ, ಡಬ್ಬಿ ಇಲ್ಲ. ಮುಖ ಬೇರೆಯೇ ಕಂಡಿತು, ಚಿಕ್ಕದು, ದಣಿದದ್ದು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳಿರಬೇಕು, ಅಷ್ಟೇ. ಬಾವಿಯಿಂದ ನಾನು ಸೇದಿದೆ, ಅವಳು ಹುಯ್ದಳು.

"ಬಾಯಲ್ಲಿ ಏನೋ ಇಟ್ಕೊಂಡು ಬಂದಿದ್ದೀಯ," ಎಂದಳು.

"ಏನಿಲ್ಲ."

"ಇದೆ. ಕೆನ್ನೆ ಊದಿದೆ." ನಗಲಿಲ್ಲ. "ನೀನದನ್ನ ಉಗುಳಿದ್ರೆ ನಾನು ಹೂಂ ಅನ್ನಬೇಕಾಗುತ್ತೆ. ಗೊತ್ತಲ್ಲ?"

ಹಗ್ಗ ಕೈಯಲ್ಲಿ ಹಾಗೇ ನಿಂತಿತು.

"ಮೊದಲನೇ ಸಲ ತಾಯತ ಕಟ್ಟಿಸಿದ್ರು, ಹೂಂ ಅಂದೆ. ಮಂತ್ರದ ನೀರು ಕುಡಿಸಿದ್ರು, ಹೂಂ. ಎರಡನೇ ಸಲ ಮಾತ್ರೆ ಕೊಟ್ರು, ತವರಿಗೆ ಕಳಿಸಿದ್ರು, ವಾಪಸ್ ಕರೆಸಿದ್ರು, ಎಲ್ಲಕ್ಕೂ ಹೂಂ. ಈ ಟೋಪಿ ಹಾಕ್ಕೋ ಅಂದ್ರು, ಹೂಂ. ನಿನ್ನ ದೆಂಬಾ ಬಂದು, ಬರೋದು ಬಿಡೋದು ನಿಮ್ಮ ಮನಸ್ಸು ಅಂದ. ಮನಸ್ಸು ಎಲ್ಲಿದೆ ಅಂತ ಹುಡುಕಿದೆ ಕಣೇ. ಇತ್ತು. ಈ ಸಲ ಇದನ್ನ ನನ್ನ ಪಾಡಿಗೆ ನಾನೇ ಹೊರ್ತೀನಿ ಅಂತು."

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಹೆರಿಗೆಗೆ ಆಸ್ಪತ್ರೆಗೆ ಬರ್ತೀನಿ. ಅದನ್ನ ನೀನು ಕೇಳಿಲ್ಲ, ನಾನೇ ಹೇಳ್ತಿದ್ದೀನಿ. ಈಗ ನುಂಗು."

ನುಂಗಿದೆ. ಕಲ್ಲು ನುಂಗಿದ ಹಾಗೆ. ಮತ್ತೆ ನೀರು ಸೇದಿದೆ. ಹೊರಡುವಾಗ ಎಳೆ ಈರುಳ್ಳಿಯ ಕಟ್ಟು ಕೊಟ್ಟಳು. "ಕೇಳದೇ ಕೊಡ್ತಿರೋದು," ಎಂದಳು.

ಮಾರ್ಚ್ ೮, ಶುಕ್ರವಾರ

ಗಡುವು ಮುಗಿಯಿತು. ಹೇಳಲಿಲ್ಲ.

ಚುಕ್ಕಿ ಕೋಳಿಯನ್ನು ಅತ್ತೆಗೆ ವಾಪಸು ಕೊಡಲು ಆಣೆ ಬಿಡುವುದಿಲ್ಲ. ಅದು ನನ್ನ ಹಾಸಿಗೆಯ ಕೆಳಗೆ ಮೊಟ್ಟೆಯಿಡುತ್ತಿದೆ. ಮೊಟ್ಟೆಗಳನ್ನು ದೆಂಬಾನ ಕೈಯಲ್ಲಿ ಕಳಿಸುತ್ತಿದ್ದೇನೆ.

ಏಪ್ರಿಲ್ ೯, ಮಂಗಳವಾರ

ಹೆಣ್ಣು.

ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಬಾಂಗಿನ ಹೊತ್ತಿಗೆ. ಮಾತು ಉಳಿಸಿಕೊಂಡಳು. ನಾನು ಹೊರಗೆ ಬೆಂಚಿನ ಮೇಲಿದ್ದೆ. ನರ್ಸ್ ಕರೆದಳು, ಒಳಗೆ ಹೋದೆ. ಕೂಸು ಕೆಂಪಗೆ, ಸಿಟ್ಟಿನಲ್ಲಿ, ಮುಷ್ಟಿ ಬಿಗಿದುಕೊಂಡು. ಮಾಬಿಂತಾ ಗೋಡೆಯ ಕಡೆ ತಿರುಗಿ, "ಥೂ, ಎಂಥಾ ಕುರೂಪಿ. ಯಾರಿಗೆ ಬೇಕು ಇದು," ಎಂದಳು. ಕಣ್ಣೀರು ಕಿವಿಗೆ ಹರಿಯುತ್ತಿತ್ತು.

"ಹೌದು, ಯಾರಿಗೂ ಬೇಡ," ಎಂದೆ ನಾನೂ. ಕರಪತ್ರಗಳು ಕ್ಷಮಿಸಲಿ.

ಏಪ್ರಿಲ್ ೧೨, ಶುಕ್ರವಾರ

ಮೂರು ದಿನ. ಹಾಲು ಕುಡಿಯುತ್ತಿದೆ. ದಾದಿ ದಿನಾ ನೋಡಿ ಬರುತ್ತಿದ್ದಾಳೆ. ಜ್ವರ ಇಲ್ಲ.

ಸಂಜೆ ದೆಂಬಾ ಬಂದ. ಬೈಕು ಇಳಿದು, ಅಂಗಿಯ ಧೂಳು ಕೊಡವಿ, ನನ್ನ ಬಾಗಿಲಲ್ಲಿ ಮುಕ್ಕಾಲಿ ಹಾಕಿಕೊಂಡು ಕೂತ. ಕೆಲಸಕ್ಕೆ ಕೂರುವ ಹಾಗೆ.

"ಏನೋ ಇದು?"

"ಸುಮ್ಮನಿರು. ಪೂರ್ತಿ ಹೇಳಬೇಕು, ನಡುವೆ ನೀನು ಬಾಯಿ ಹಾಕಬಾರದು ಅಂದಿದ್ದಾಳೆ ಮಾಬಿಂತಾ." ಗಂಟಲು ಸರಿಮಾಡಿಕೊಂಡ. "ಸಂತಂಗ್‌ಬಾದಲ್ಲಿ ಒಂದು ಕೂಸು ಹುಟ್ಟಿದೆ. ಮಂಗಳವಾರ ಬೆಳಿಗ್ಗೆ ಅದನ್ನ ತಿಪ್ಪೆ ಮೇಲೆ ಮಲಗಿಸ್ತಾರೆ. ಎತ್ತಿಕೊಳ್ಳೋಕೆ ಒಬ್ಬರು ಬೇಕು. ಎತ್ತಿಕೊಂಡ್ರೆ ಕೂಸು ಉಳಿಯುತ್ತೆ ಅಂತ ನಾನು ಹೇಳ್ತಿಲ್ಲ. ಗೊತ್ತಿದ್ದಿದ್ರೆ ನಿನ್ನನ್ನ ಕೇಳೋಕೇ ಬರ್ತಿರಲಿಲ್ಲ."

"ದೆಂಬಾ..."

"ಬಾಯಿ! ತೋಳು ನೋಯಬಹುದು. ಕೂಸು ಮೈಮೇಲೆ ಉಚ್ಚೆ ಹುಯ್ಯಬಹುದು. ಆಮೇಲೆ ಜೀವಮಾನವಿಡೀ ಅದು ನಿನ್ನನ್ನ ಅಮ್ಮ ಅನ್ನಬಹುದು. ಬರೋದು ಬಿಡೋದು ನಿನ್ನ ಮನಸ್ಸು. ಬೇಡ ಅಂದ್ರೆ ಯಾರೂ ಮುನಿಸಿಕೊಳ್ಳಲ್ಲ. ಅವಸರ ಇಲ್ಲ, ಯೋಚಿಸು." ಉಸಿರು ಬಿಟ್ಟ. "ತಾನೇ ಕೇಳಿದ್ರೆ ನೀನು ಇಲ್ಲ ಅನ್ನೋಕಾಗಲ್ಲ, ಆಣೆ ನಿನ್ನ ಮೇಲೂ ಇದೆ. ಅದಕ್ಕೇ ನನ್ನ ಕಳಿಸಿದ್ದು. ಪ್ರಶ್ನೆ ಇದ್ರೆ ಕೇಳಬೇಕಂತೆ."

ಇರಲಿಲ್ಲ. ಯೋಚಿಸ್ತೀನಿ ಎಂದೆ.

ಏಪ್ರಿಲ್ ೧೪, ಭಾನುವಾರ

ಯೋಚಿಸುತ್ತಿದ್ದೇನೆ. ಅವಸರ ಇಲ್ಲ ಎಂದಿದ್ದಾಳೆ, ಹಾಗಾಗಿ ಯೋಚಿಸುವುದು ನನ್ನ ಕರ್ತವ್ಯ.

ಇದು ಮೂಢನಂಬಿಕೆ. ಹೌದು. ಜನವರಿಯಲ್ಲಿ ಬರೆದದ್ದರ ಒಂದಕ್ಷರವನ್ನೂ ಹೊಡೆದುಹಾಕುವುದಿಲ್ಲ. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ತೆಗೆದು ನೋಡಿದೆ. ತಿಪ್ಪೆಯ ಮೇಲಿನ ಕೂಸನ್ನು ಎತ್ತಿಕೊಳ್ಳಬೇಕೇ ಎಂದು ಒಂದರಲ್ಲೂ ಇಲ್ಲ.

ಬೇಡ ಎಂದು ಒಮ್ಮೆ ಜೋರಾಗಿ ಹೇಳಿ ನೋಡಿದೆ, ಕೋಳಿಗೆ. ಬಾಯಿಗೆ ಬರುತ್ತದೆ. ಏನೂ ಕಟ್ಟಿಲ್ಲ. ಹೇಳಬಹುದು.

ಮಾಬಿಂತಾ ಹೇಳುತ್ತಿದ್ದಳು, ಮೊದಲಿನ ಎರಡಕ್ಕೂ ಚೆಂದದ ಹೆಸರು ಆರಿಸಿಟ್ಟಿದ್ದಳಂತೆ. ಇದಕ್ಕೆ ಎತ್ತಿಕೊಂಡವರೇ ಇಡಬೇಕು, ಕೇಳಿದರೆ ಅಸಹ್ಯ ಆಗಬೇಕು. 'ಒಣಮೀನು' ಇಡು ಎಂದು ದೆಂಬಾ. ನಾನಿನ್ನೂ ಉತ್ತರವನ್ನೇ ಕೊಟ್ಟಿಲ್ಲ, ಇವನು ಹೆಸರಿಗೆ ಬಂದ.

ಏಪ್ರಿಲ್ ೧೬, ಮಂಗಳವಾರ. ಬೆಳಿಗ್ಗೆ ಏಳು

ಸಂತಂಗ್‌ಬಾ. ಹಿತ್ತಲ ಬೇಲಿಯ ಹಿಂದೆ, ಮಾವಿನ ಮರದ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ದಾರಿಹೋಕಳಾಗಿ ಬಂದವಳು, ಅವರು ಕೂಗುವ ತನಕ ಕಾಣಿಸಿಕೊಳ್ಳಬಾರದಂತೆ.

ಬೇಲಿಯ ಸಂದಿಯಿಂದ ತಿಪ್ಪೆ ಕಾಣುತ್ತದೆ. ಗುಡಿಸಿಟ್ಟಿದ್ದಾರೆ! ತಿಪ್ಪೆಯನ್ನು! ಅದರ ಮೇಲೆ ಒಗೆದ ಬಿಳಿ ಬಟ್ಟೆ, ನಾಲ್ಕು ಮೂಲೆಗೂ ಕಲ್ಲು. ಅತ್ತೆ ಬಂದು ಬಟ್ಟೆಯ ಸುಕ್ಕು ಸವರಿದಳು. ಮತ್ತೆ ಬಂದು ಸವರಿದಳು.

ಕೂಟದ ಹೆಂಗಸರು ಬರುತ್ತಿದ್ದಾರೆ. ಟೋಪಿ, ಚೀಲ, ಡಬ್ಬಿ, ಪೋಲಿ ಹಾಡು. ನಡುವೆ ಮಾಬಿಂತಾ. ಕೈಯಲ್ಲಿ ಸೋರೆಬುರುಡೆಯ ಬೋಗುಣಿ, ಅದರೊಳಗೆ ಕೂಸು. ಬಟ್ಟೆಯ ಮೇಲೆ ಇಟ್ಟಳು. ಬೆರಳು ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಈಗ ಬೆನ್ನು ಹಾಕಿ ಹೋಗುತ್ತಿದ್ದಾಳೆ. ತಿರುಗಿ ನೋಡಬಾರದು. ನೋಡಲಿಲ್ಲ. ಡಬ್ಬಿಗಳೆಲ್ಲ ನಡುಗುತ್ತಿವೆ.

ಕೂಟದ ಹಿರಿಯಳು ಕೂಗುತ್ತಿದ್ದಾಳೆ: "ಯಾರಿಗೂ ಬೇಡದ್ದೊಂದು ಇಲ್ಲಿ ಬಿದ್ದಿದೆ! ಯಾರಿಗಾದ್ರೂ ಬೇಕೇನ್ರೇ? ಬೇಡದಿದ್ರೆ ಹೋಗ್ತಾ ಇರಿ!"

ಯಾರೂ ನನ್ನ ಕಡೆ ನೋಡುತ್ತಿಲ್ಲ. ಬೇಕೆಂದೇ. ಹೋಗಬಹುದು. ಬೇಲಿಯ ಆಚೆ ದಾರಿ ಇದೆ, ದೆಂಬಾ ಬೈಕಿನ ಹತ್ತಿರ ಬೀಗದ ಕೈ ತಿರುಗಿಸುತ್ತ ನಿಂತಿದ್ದಾನೆ, ಒಂದು ಮಾತೂ ಕೇಳುವುದಿಲ್ಲ.

ಕೂಸು ಅಳಲು ಶುರುಮಾಡಿತು. ಎಂಥ ಗಂಟಲು! ಎಂಟನೆಯ ದಿನದ ಗಂಟಲು. ಯಾರೂ ಕೈ ಹಿಡಿದಿಲ್ಲ, ಯಾರೂ ತಳ್ಳಿಲ್ಲ, ನಾನೇ ಎದ್ದು ನಿಂತು ಬರೆಯುತ್ತಿ—